ತೀವ್ರ ನಿಗಾ ರೋಗಿಗಳಲ್ಲಿ ಹೃದಯ ಬಡಿತದ ಏರಿಳಿತ: ದೀರ್ಘಾವಧಿಯ ದಾಖಲೆ ಮತ್ತು ವಿಶ್ಲೇಷಣೆ

ಆರೋಗ್ಯವಾಗಿರುವ ಹೃದಯ ಒಂದೇ ಅಳತೆಯ ಬಿಡುವಿನಲ್ಲಿ ಬಡಿಯುವುದಿಲ್ಲ. ನಿಮಿಷಕ್ಕೆ 75 ಬಡಿತ ಎಂದರೆ ಎರಡು ಬಡಿತಗಳ ನಡುವೆ ಸರಾಸರಿ 800 ಮಿಲಿಸೆಕೆಂಡು. ಅಳೆದು ನೋಡಿದರೆ ಒಂದು ಬಿಡುವು 760, ಮುಂದಿನದು 830, ಅದರಾಚೆಯದು 790 ಇರುತ್ತದೆ. ಬಡಿತದಿಂದ ಬಡಿತಕ್ಕೆ ಕಾಣುವ ಈ ವ್ಯತ್ಯಾಸವೇ ಹೃದಯ ಬಡಿತದ ಏರಿಳಿತ. ಆಸ್ಪತ್ರೆಗಳಲ್ಲಿ ಇದನ್ನು ಎಚ್‌ಆರ್‌ವಿ ಎನ್ನುತ್ತಾರೆ. ಇಸಿಜಿಯಲ್ಲಿ ಚೂಪಾಗಿ ಮೇಲೇಳುವ ಆರ್ ಅಲೆಗಳ ನಡುವಿನ ಕಾಲವನ್ನು ಒಂದೊಂದಾಗಿ ಗುರುತಿಸಿ, ಆ ಸಂಖ್ಯೆಗಳ ಸಾಲನ್ನು ಲೆಕ್ಕಕ್ಕೆ ಒಳಪಡಿಸಿ ಇದನ್ನು ಅಳೆಯುತ್ತಾರೆ. ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿಯ ಇಸಿಜಿಯನ್ನು ಗಂಟೆಗಟ್ಟಲೆ, ದಿನಗಟ್ಟಲೆ ಕಡಿಯದೆ ದಾಖಲಿಸಿ, ಏರಿಳಿತ ಹೇಗೆ ಕುಗ್ಗುತ್ತದೆ, ಹೇಗೆ ಮರಳುತ್ತದೆ ಎಂದು ನೋಡುವುದು ದೀರ್ಘಾವಧಿಯ ವಿಶ್ಲೇಷಣೆ. ಬಡಿತದ ಸಂಖ್ಯೆ ಸಹಜವಾಗಿಯೇ ಕಾಣುತ್ತಿರುವಾಗಲೂ ಏರಿಳಿತ ಬತ್ತಿಹೋಗಿರಬಹುದು. ಪರೀಕ್ಷೆಯ ಬೆಲೆ ಇರುವುದು ಇಲ್ಲಿಯೇ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಜನರಿಗೆ ಈ ವಿಷಯ ದೂರದ್ದಲ್ಲ. ಮಧುವನಹಳ್ಳಿಯಂಥ ಊರಿನ ರೋಗಿಗೆ ತೀವ್ರ ನಿಗಾ ಬೇಕಾದರೆ ಕೊಳ್ಳೇಗಾಲಕ್ಕೆ, ಅಲ್ಲಿಂದ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ರೋಗಿಯ ಜೊತೆ ಒಂದು ಚೀಟಿ ಹೋಗುತ್ತದೆ, ಹೃದಯದ ದಾಖಲೆ ಹೋಗುವುದಿಲ್ಲ. ಎಚ್‌ಆರ್‌ವಿಯ ಅರ್ಥವೆಲ್ಲ ಕಡಿಯದ ದಾಖಲೆಯಲ್ಲಿ ಇರುವುದರಿಂದ, ಈ ಸೀಮೆಯಲ್ಲಿ ಅದಕ್ಕೆ ದೊಡ್ಡ ಅಡ್ಡಿ ಗಣಿತದಿಂದ ಬರುವುದಿಲ್ಲ, ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ರಸ್ತೆಯಿಂದ ಬರುತ್ತದೆ.

ಏರಿಳಿತದ ಮೂಲ

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಸೈನಸ್ ಗಂಟು ಬಡಿತವನ್ನು ಹುಟ್ಟಿಸುತ್ತದೆ. ನರಗಳ ಸಂಪರ್ಕ ಪೂರ್ತಿ ಕಡಿದರೆ ಅದು ನಿಮಿಷಕ್ಕೆ 100ರ ಆಸುಪಾಸಿನಲ್ಲಿ, ಬಹುತೇಕ ಏರಿಳಿತವಿಲ್ಲದೆ ಬಡಿಯುತ್ತದೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಮೊದಲ ದಿನಗಳಲ್ಲಿ ಕಾಣುವುದು ಇದೇ. ಉಳಿದವರಲ್ಲಿ ಎರಡು ನರಜಾಲಗಳು ಈ ಗಂಟನ್ನು ಸದಾ ತಿದ್ದುತ್ತಿರುತ್ತವೆ. ವೇಗಸ್ ನರ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟು ಬಡಿತವನ್ನು ತಗ್ಗಿಸುತ್ತದೆ. ಅದರ ಪರಿಣಾಮ ಒಂದೆರಡು ಬಡಿತಗಳೊಳಗೇ ಕಾಣುತ್ತದೆ, ಅಷ್ಟೇ ಬೇಗ ಮಾಯವಾಗುತ್ತದೆ. ಸಿಂಪಥೆಟಿಕ್ ನರಗಳು ನಾರ್‌ಅಡ್ರಿನಲಿನ್ ಮೂಲಕ ಬಡಿತವನ್ನು ಏರಿಸುತ್ತವೆ. ಅವುಗಳ ಕೆಲಸ ನಿಧಾನ, ಹಲವು ಸೆಕೆಂಡು ಹಿಡಿಯುತ್ತದೆ. ಉಸಿರು ಒಳಗೆ ಎಳೆದಾಗ ಬಡಿತ ತುಸು ಚುರುಕಾಗಿ, ಬಿಟ್ಟಾಗ ಇಳಿಯುವುದು ಮುಖ್ಯವಾಗಿ ವೇಗಸ್‌ನಿಂದ. ರಕ್ತದೊತ್ತಡವನ್ನು ಸರಿದೂಗಿಸುವ ಬ್ಯಾರೋರಿಫ್ಲೆಕ್ಸ್ ಸುಮಾರು ಹತ್ತು ಸೆಕೆಂಡಿಗೊಂದು ಅಲೆ ಎಬ್ಬಿಸುತ್ತದೆ. ಇವುಗಳ ಕೆಳಗೆ ಇನ್ನೂ ನಿಧಾನದ ಅಲೆಗಳಿವೆ: ಮೈಯ ಬಿಸಿ, ಹಾರ್ಮೋನುಗಳು, ನಿದ್ದೆ ಮತ್ತು ಎಚ್ಚರ, ಹಗಲು ಮತ್ತು ಇರುಳು. 24 ಗಂಟೆಗಳ ಒಟ್ಟು ಏರಿಳಿತದಲ್ಲಿ ಅತಿ ದೊಡ್ಡ ಪಾಲು ಈ ನಿಧಾನದ ಅಲೆಗಳದೇ. ಐದು ನಿಮಿಷದ ಪಟ್ಟಿಯಲ್ಲಿ ಅವು ಸಿಕ್ಕುವುದೇ ಇಲ್ಲ.

ತೀವ್ರ ಕಾಯಿಲೆಯಲ್ಲಿ ಏರಿಳಿತ ಏಕೆ ಕುಗ್ಗುತ್ತದೆ? 1996ರಲ್ಲಿ ಪಾಲ್ ಗೊಡಿನ್ ಮತ್ತು ತಿಮೊಥಿ ಬುಕ್‌ಮನ್ ಒಂದು ಊಹೆ ಮುಂದಿಟ್ಟರು. ಅಂಗಗಳು ನರ, ಹಾರ್ಮೋನು, ಉರಿಯೂತದ ಸಂಕೇತಗಳ ಮೂಲಕ ಪರಸ್ಪರ ಹೆಣೆದುಕೊಂಡಿವೆ. ಸೋಂಕು ಅಥವಾ ಆಘಾತ ದೇಹವನ್ನಿಡೀ ಕಲಕಿದಾಗ ಆ ಹೆಣಿಗೆ ಸಡಿಲಗೊಂಡು ಅಂಗಗಳು ಒಂದರಿಂದೊಂದು ಕಳಚಿಕೊಳ್ಳುತ್ತವೆ ಎಂಬುದು ಅದರ ಸಾರ. ಮಹದೇಶ್ವರ ಬೆಟ್ಟದ ಕಂಸಾಳೆಯವರ ಗುಂಪಿನಲ್ಲಿ ಪ್ರತಿಯೊಬ್ಬನೂ ಉಳಿದವರ ತಾಳಕ್ಕೆ ಕಿವಿಗೊಟ್ಟು ತನ್ನ ಪೆಟ್ಟನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾನೆ. ಕಿವಿ ಮುಚ್ಚಿದರೆ ತನ್ನ ಪಾಡಿಗೆ ತಾನು ಒಂದೇ ಸಮ ಬಡಿಯುತ್ತಾನೆ. ಕಳಚಿಕೊಂಡ ಹೃದಯವೂ ಹಾಗೆ ಒಂದೇ ಸಮ ಬಡಿಯುತ್ತದೆ. ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಅನ್ನು ಅತ್ಯಲ್ಪ ಪ್ರಮಾಣದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಚುಚ್ಚಿದಾಗಲೂ ಕೆಲವೇ ಗಂಟೆಗಳಲ್ಲಿ ಅವರ ಏರಿಳಿತ ಕುಸಿಯಿತು. ಮಿದುಳು ಸಾವಿನಲ್ಲಿ ಅದು ಹೆಚ್ಚುಕಡಿಮೆ ಅಳಿಸಿಯೇ ಹೋಗುತ್ತದೆ.

ಹಿನ್ನೆಲೆ

ನಾಡಿಯ ನಡೆಯನ್ನು ಬೆರಳಲ್ಲಿ ಓದುವುದು ನಮ್ಮ ನೆಲಕ್ಕೆ ಹಳೆಯದು. ಶಾರ್ಙ್ಗಧರ ಸಂಹಿತೆ ಅದನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸುತ್ತದೆ. ಸಂಖ್ಯೆಯಲ್ಲಿ ಅಳೆಯುವ ದಾರಿ ಬೇರೆ ಕಡೆಯಿಂದ ಬಂತು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ 1733ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ ರಕ್ತದೊತ್ತಡ ಉಸಿರಿನೊಂದಿಗೆ ಏರಿಳಿಯುವುದನ್ನು ಕಂಡ. ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲಿ ಉಸಿರಿನ ಜೊತೆ ಬಡಿತ ಬದಲಾಗುವುದನ್ನು ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಮೂಡಿಸಿದ. ಇಸಿಜಿಯನ್ನು ಕಟ್ಟಿಕೊಟ್ಟ ವಿಲ್ಲೆಮ್ ಐಂಥೋವನ್‌ಗೆ 1924ರ ನೊಬೆಲ್ ಬಂತು. ದೀರ್ಘಾವಧಿಯ ದಾಖಲೆಗೆ ದಾರಿ ತೆರೆದವನು ಅಮೆರಿಕದ ನಾರ್ಮನ್ ಹೋಲ್ಟರ್. ಅವನ ಮೊದಲ ಯಂತ್ರವನ್ನು ಬೆನ್ನಿಗೆ ಹೊತ್ತು ನಡೆಯಬೇಕಿತ್ತು, ತೂಕ ಸುಮಾರು 38 ಕಿಲೊ. 1961ರ ಹೊತ್ತಿಗೆ ಅದು ಜೊತೆಯಲ್ಲಿ ಒಯ್ಯುವಷ್ಟು ಹಗುರಾಗಿತ್ತು. ಇಂದಿಗೂ ಜನ ‘ಹೋಲ್ಟರ್ ಹಾಕಿದ್ದಾರೆ’ ಎನ್ನುವುದು ಅವನ ಹೆಸರಿನಲ್ಲೇ.

ಏರಿಳಿತಕ್ಕೆ ರೋಗದ ಮುನ್ಸೂಚನೆಯ ಅರ್ಥ ಬಂದದ್ದು 1960ರ ದಶಕದಲ್ಲಿ. ಗರ್ಭದಲ್ಲಿರುವ ಶಿಶು ಸಂಕಟಕ್ಕೆ ಸಿಕ್ಕಾಗ ಬಡಿತದ ವೇಗ ಬದಲಾಗುವ ಮೊದಲೇ ಬಡಿತಗಳ ನಡುವಿನ ವ್ಯತ್ಯಾಸ ಬದಲಾಗುತ್ತದೆ ಎಂದು ಹಾನ್ ಮತ್ತು ಲೀ ತೋರಿಸಿದರು. 1987ರಲ್ಲಿ ರಾಬರ್ಟ್ ಕ್ಲೈಗರ್ ಮತ್ತು ಸಂಗಡಿಗರು ಹೃದಯಾಘಾತದಿಂದ ಪಾರಾದ 808 ರೋಗಿಗಳ 24 ಗಂಟೆಯ ದಾಖಲೆಗಳನ್ನು ಪರಿಶೀಲಿಸಿದರು. ಒಟ್ಟು ಏರಿಳಿತ 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ 100 ಮಿಲಿಸೆಕೆಂಡಿಗಿಂತ ಹೆಚ್ಚಿದ್ದವರಿಗೆ ಹೋಲಿಸಿದರೆ 5.3 ಪಟ್ಟು. ಈ ಒಂದು ಸಂಖ್ಯೆ ಕ್ಷೇತ್ರದ ಗತಿಯನ್ನೇ ಬದಲಿಸಿತು. 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ಸಂಘಟನೆಗಳ ಕಾರ್ಯಪಡೆ ಅಳತೆಗಳ ಹೆಸರು, ಅವಧಿ, ವಿಧಾನಗಳನ್ನು ಒಂದು ಕಟ್ಟಿಗೆ ತಂದಿತು.

ಈ ಕ್ಷೇತ್ರದ ಸಂಶೋಧಕರು ಪದೇ ಪದೇ ಉಲ್ಲೇಖಿಸುವ ಸಮೀಕ್ಷೆಗಳಲ್ಲೊಂದಕ್ಕೆ ಕನ್ನಡನಾಡಿನ ನಂಟಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಪಿಎಚ್‌ಡಿ ಮಾಡಿ ಮುಂದೆ ಸಿಂಗಪುರದಲ್ಲಿ ಕೆಲಸ ಮಾಡಿದ ಯು. ರಾಜೇಂದ್ರ ಆಚಾರ್ಯ ಅವರು ಸಹಲೇಖಕರೊಂದಿಗೆ 2006ರಲ್ಲಿ ಪ್ರಕಟಿಸಿದ ಎಚ್‌ಆರ್‌ವಿ ಸಮೀಕ್ಷೆ ಎಂಜಿನಿಯರರಿಗೂ ವೈದ್ಯರಿಗೂ ಸಮಾನ ಪಠ್ಯವಾಯಿತು. ಸಂಕೇತ ಸಂಸ್ಕರಣೆ ಕಲಿತವರು ರೋಗಿಯ ಹಾಸಿಗೆಯ ಬಳಿಗೆ ಬಂದ ಪರಂಪರೆ ಕರಾವಳಿಯ ಕಾಲೇಜುಗಳಲ್ಲಿ ಗಟ್ಟಿಯಾಗಿದೆ. ಮೈಸೂರು ಸೀಮೆಯ ಜಿಲ್ಲಾ ಆಸ್ಪತ್ರೆಗಳಿಗೆ ಆ ನೆರವು ಇನ್ನೂ ಹರಿದು ಬರಬೇಕಾಗಿದೆ.

ಅಳತೆಗಳು

ಮೊದಲ ಗುಂಪು ಕಾಲದ ಅಳತೆಗಳು. ಎಲ್ಲ ಸಹಜ ಬಡಿತಗಳ ಬಿಡುವುಗಳ ಪ್ರಮಾಣ ವಿಚಲನೆ ಎಸ್‌ಡಿಎನ್‌ಎನ್. ಆರೋಗ್ಯವಂತರಲ್ಲಿ 24 ಗಂಟೆಗೆ ಇದು 141ರ ಆಸುಪಾಸು, 39 ಮಿಲಿಸೆಕೆಂಡು ಆಚೀಚೆ. ಪಕ್ಕಪಕ್ಕದ ಬಿಡುವುಗಳ ವ್ಯತ್ಯಾಸದಿಂದ ಬರುವ ಆರ್‌ಎಂಎಸ್‌ಎಸ್‌ಡಿ ಬಹುಮಟ್ಟಿಗೆ ವೇಗಸ್‌ನ ಕೆಲಸವನ್ನು ಹೇಳುತ್ತದೆ. ಐದು ನಿಮಿಷದ ಎಸ್‌ಡಿಎನ್‌ಎನ್ ಅನ್ನು 24 ಗಂಟೆಯದರ ಜೊತೆ ತೂಗುವುದು ಸಾಮಾನ್ಯವಾಗಿ ಕಾಣುವ ತಪ್ಪು. ದಾಖಲೆ ಉದ್ದವಾದಷ್ಟೂ ನಿಧಾನದ ಅಲೆಗಳು ಸೇರಿಕೊಳ್ಳುತ್ತವೆ, ಸಂಖ್ಯೆ ತಾನಾಗಿ ಬೆಳೆಯುತ್ತದೆ.

ಎರಡನೆಯದು ಆವರ್ತನದ ಅಳತೆ. ಬಿಡುವುಗಳ ಸಾಲನ್ನು ಬೇರೆ ಬೇರೆ ವೇಗದ ಅಲೆಗಳಾಗಿ ಒಡೆದು ಪ್ರತಿ ಅಲೆಯ ಬಲವನ್ನು ನೋಡುತ್ತಾರೆ. ಎರಡೂವರೆಯಿಂದ ಸುಮಾರು ಏಳು ಸೆಕೆಂಡಿನ ಅಲೆಗಳು, ಅಂದರೆ 0.15ರಿಂದ 0.4 ಹರ್ಟ್ಸ್, ಉಸಿರಿನ ಪಟ್ಟಿ. 0.04ರಿಂದ 0.15ರವರೆಗಿನದು ಬ್ಯಾರೋರಿಫ್ಲೆಕ್ಸಿನ ಪಟ್ಟಿ. ಅದಕ್ಕೂ ಕೆಳಗೆ ಅತಿ ನಿಧಾನದವು. ನಡುವಿನ ಪಟ್ಟಿಯನ್ನು ಉಸಿರಿನ ಪಟ್ಟಿಯಿಂದ ಭಾಗಿಸಿ ‘ಸಿಂಪಥೆಟಿಕ್ ಮತ್ತು ವೇಗಸ್ ಸಮತೋಲನ’ ಎಂದು ಒಂದು ಸಂಖ್ಯೆ ಕೊಡುವ ವಾಡಿಕೆ ಬಹುಕಾಲ ನಡೆಯಿತು, ಮೊಬೈಲ್ ಆ್ಯಪ್‌ಗಳಲ್ಲಿ ಇನ್ನೂ ನಡೆದಿದೆ. ಆ ನಡುವಿನ ಪಟ್ಟಿಯಲ್ಲಿ ಎರಡೂ ನರಜಾಲಗಳ ಪಾಲಿರುವುದರಿಂದ ಈ ಭಾಗಾಕಾರ ನಂಬಲರ್ಹವಲ್ಲ. ತೀವ್ರ ನಿಗಾ ರೋಗಿಯಲ್ಲಂತೂ ಅದನ್ನು ಬಳಸಲೇಬಾರದು.

ಮೂರನೆಯದು ಬಡಿತಗಳ ಸಾಲಿನ ವಿನ್ಯಾಸವನ್ನು ನೋಡುವ ಅಳತೆಗಳು. 1982ರಲ್ಲಿ ಜಪಾನಿನ ಕೊಬಯಾಶಿ ಮತ್ತು ಮುಶಾ ಬಡಿತದ ಏರಿಳಿತ ಗಂಟೆಗಳ ಅಳತೆಯಲ್ಲೂ ನಿಮಿಷಗಳ ಅಳತೆಯಲ್ಲೂ ಒಂದೇ ಬಗೆಯ ನಿಯಮ ಪಾಲಿಸುತ್ತದೆ ಎಂದು ತೋರಿಸಿದ್ದರು. 1995ರಲ್ಲಿ ಬಾಸ್ಟನ್ನಿನ ಪೆಂಗ್, ಗೋಲ್ಡ್‌ಬರ್ಗರ್ ಮೊದಲಾದವರು ಡಿಎಫ್‌ಎ ಎಂಬ ವಿಧಾನವನ್ನು ಹೃದಯಕ್ಕೆ ಅನ್ವಯಿಸಿದರು. ಬಿಡುವುಗಳನ್ನು ಕೂಡುತ್ತಾ ಹೋಗಿ ಬಂದ ಗೆರೆಯನ್ನು ಚಿಕ್ಕ ದೊಡ್ಡ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಓರೆಯನ್ನು ಕಳೆದು, ಉಳಿದ ಅಲುಗಾಟ ತುಂಡಿನ ಅಳತೆಯೊಂದಿಗೆ ಹೇಗೆ ಬೆಳೆಯುತ್ತದೆ ಎಂದು ನೋಡುವುದು ಅದರ ಕ್ರಮ. ಸಿಗುವ ಘಾತಾಂಕ ಆರೋಗ್ಯದಲ್ಲಿ 1ರ ಹತ್ತಿರವಿರುತ್ತದೆ. 0.5 ಬಂದರೆ ಬಡಿತಗಳ ನಡುವೆ ನೆನಪೇ ಇಲ್ಲ, ಎಲ್ಲ ಯಾದೃಚ್ಛಿಕ, 1.5ರ ಕಡೆ ಸರಿದರೆ ಬಿಗಿಯಾಗಿ, ಒಂದೇ ದಿಕ್ಕಿಗೆ ತೇಲುತ್ತಿದೆ ಎಂದರ್ಥ. ಸ್ಯಾಂಪಲ್ ಎಂಟ್ರೊಪಿಯನ್ನು ರಿಚ್‌ಮನ್ ಮತ್ತು ಮೂರ್‌ಮನ್ 2000ದಲ್ಲಿ ರೂಪಿಸಿದರು. ಒಂದು ಮಾದರಿ ಮತ್ತೆ ಎಷ್ಟು ಸಲ ಮರುಕಳಿಸುತ್ತದೆ ಎಂಬುದರಿಂದ ಸಾಲಿನ ಸಂಕೀರ್ಣತೆಯನ್ನು ಅದು ಅಳೆಯುತ್ತದೆ. ದೀರ್ಘಾವಧಿಯ ದಾಖಲೆಗೆ ಈ ಗುಂಪು ಹೆಚ್ಚು ಹೊಂದುತ್ತದೆ, ಏಕೆಂದರೆ ಹಾಸಿಗೆಯಲ್ಲಿರುವ ರೋಗಿಯ ಸ್ಥಿತಿ ಗಂಟೆಗಂಟೆಗೂ ಬದಲಾಗುತ್ತದೆ. ಎಲ್ಲವೂ ಸ್ಥಿರವಾಗಿದೆ ಎಂದು ಭಾವಿಸಿ ಲೆಕ್ಕ ಹಾಕುವ ಹಳೆಯ ವಿಧಾನಗಳು ಅಲ್ಲಿ ಎಡವುತ್ತವೆ.

ಕೀಟನಾಶಕದ ವಿಷ: ಹನೂರು ಸೀಮೆಯ ಪಾಠ

2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ ನಡೆಯಿತು. ಅಲ್ಲಿ ಹಂಚಿದ ಪ್ರಸಾದದಲ್ಲಿ ಕೀಟನಾಶಕ ಬೆರೆತಿತ್ತು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ತೀರಿಕೊಂಡರು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್. 2013ರ ಜುಲೈಯಲ್ಲಿ ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ 23 ಮಕ್ಕಳ ಜೀವ ತೆಗೆದದ್ದೂ ಇದೇ ವಿಷ. ತರಕಾರಿಗೆ ಇದನ್ನು ಹೊಡೆಯುವುದನ್ನು ದೇಶದಲ್ಲಿ 2005ರಲ್ಲೇ ನಿಷೇಧಿಸಲಾಗಿತ್ತು. ಸುಳ್ವಾಡಿಯ ರೋಗಿಗಳು ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಖಾಸಗಿ ಆಸ್ಪತ್ರೆಗಳಿಗೆ ಸಾಗಿದರು. ಹಲವರಿಗೆ ವೆಂಟಿಲೇಟರ್ ಬೇಕಾಯಿತು. ಒಂದೇ ವಿಷ ಉಂಡ ಇಷ್ಟು ಜನ ಒಟ್ಟಿಗೆ ತೀವ್ರ ನಿಗಾಕ್ಕೆ ಬಂದ ಪ್ರಸಂಗ ಕರ್ನಾಟಕದಲ್ಲಿ ಅಪರೂಪ. ಒಬ್ಬೊಬ್ಬರಾಗಿ ಬರುವವರಂತೂ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸಬರಲ್ಲ. ‘ಔಷಧಿ ಕುಡಿದಿದ್ದಾರೆ’ ಎಂದು ಮನೆಯವರು ಹೊತ್ತು ತರುವ ರೋಗಿ ಕುಡಿದಿರುವುದು ಅನೇಕ ಸಲ ಇದೇ ವರ್ಗದ ವಿಷ.

ಆರ್ಗನೊಫಾಸ್ಫರಸ್ ವರ್ಗದ ಈ ವಿಷಗಳು ಅಸೆಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ವೇಗಸ್ ಬಡಿತವನ್ನು ತಿದ್ದಲು ಬಳಸುವ ರಾಸಾಯನಿಕವೇ ಮೈಯೆಲ್ಲ ತುಂಬಿಕೊಳ್ಳುತ್ತದೆ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೃದಯದ ಗಂಟಿನ ಮೇಲೆ ಅದು ಬಡಿತ ತಗ್ಗಿಸುತ್ತದೆ; ನರಗಳ ಗಂಟುಗಳಲ್ಲಿ ಮತ್ತು ಅಡ್ರಿನಲ್ ಗ್ರಂಥಿಯಲ್ಲಿ ಅದೇ ರಾಸಾಯನಿಕ ಬಡಿತ ಏರಿಸುತ್ತದೆ. ಈ ಎರಡು ಎಳೆತಗಳ ನಡುವೆ ಸಿಕ್ಕ ಹೃದಯ ಮಾನಿಟರ್ ಪರದೆಯ ಮೇಲೆ 84 ಎಂಬ ಸಮಾಧಾನದ ಸಂಖ್ಯೆ ತೋರಿಸಬಹುದು. ಆ ಸಂಖ್ಯೆಯನ್ನು ನೋಡಿ ರೋಗಿ ಸುಧಾರಿಸಿದ್ದಾನೆ ಎನ್ನುವಂತಿಲ್ಲ. ಇಸಿಜಿಯಲ್ಲಿ ಕ್ಯೂಟಿ ಎಂಬ ಅವಧಿ ಉದ್ದವಾಗಿ ಕೆಳಕೋಣೆಗಳು ಲಯ ತಪ್ಪುವ ಅಪಾಯವೂ ಇದೆ, ಆದ್ದರಿಂದ ಇಸಿಜಿಯನ್ನು ಕಡಿಯದೆ ನೋಡುತ್ತಿರುವುದು ಚಿಕಿತ್ಸೆಯ ಭಾಗವೇ ಆಗಿದೆ.

ಇಲ್ಲಿ ಚಿಕಿತ್ಸೆಯೇ ಅಳತೆಯೊಳಗೆ ಕೈ ಹಾಕುತ್ತದೆ. ಅಟ್ರೋಪಿನ್ ಕೊಡುತ್ತಾರೆ, ಶ್ರೀಲಂಕಾದ ಅನುಭವದಿಂದ ಹರಡಿದ ಪದ್ಧತಿಯಲ್ಲಿ ಐದೈದು ನಿಮಿಷಕ್ಕೆ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತಾ, ಶ್ವಾಸಕೋಶದ ಗೊರಗೊರ ನಿಂತು, ಬಡಿತ 80 ದಾಟಿ, ಮೇಲಿನ ರಕ್ತದೊತ್ತಡ 80ಕ್ಕಿಂತ ಮೇಲೆ ನಿಂತು, ಕಂಕುಳು ಒಣಗುವವರೆಗೆ ಏರಿಸುತ್ತಾರೆ. ಅಟ್ರೋಪಿನ್ ಮಾಡುವ ಕೆಲಸವೇ ಹೃದಯದ ಮೇಲೆ ವೇಗಸ್‌ನ ಹಿಡಿತ ಬಿಡಿಸುವುದು. ಹಾಗಾಗಿ ಉಸಿರಿನ ಪಟ್ಟಿ ನೆಲಕಚ್ಚುತ್ತದೆ, ಆರ್‌ಎಂಎಸ್‌ಎಸ್‌ಡಿ ಕುಸಿಯುತ್ತದೆ. ಬೇರೆ ರೋಗಿಯಲ್ಲಿ ಸಾವಿನ ಮುನ್ಸೂಚನೆ ಎನಿಸುವ ಚಿತ್ರ ಈ ರೋಗಿಯಲ್ಲಿ ಔಷಧ ಕೆಲಸ ಮಾಡಿದ ಗುರುತು. ಎಚ್‌ಆರ್‌ವಿ ಸಂಖ್ಯೆಯೊಂದನ್ನು ಔಷಧದ ಚಾರ್ಟಿನಿಂದ ಬೇರ್ಪಡಿಸಿ ಓದಿದರೆ ಎಷ್ಟು ದೊಡ್ಡ ತಪ್ಪಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ಅಟ್ರೋಪಿನ್ ಇಳಿಸುತ್ತಾ ಬಂದ ದಿನಗಳಲ್ಲಿ ಏರಿಳಿತ ಮರಳುತ್ತದೆಯೇ, ಯಾವ ಗಂಟೆಯಿಂದ ಮರಳಿತು ಎಂಬುದು ಉಪಯುಕ್ತ ಮಾಹಿತಿ. ಅದು ಬೇಕಾದರೆ ಮೊದಲ ದಿನದಿಂದಲೇ ಒಂದೇ ದಾಖಲೆ ಇರಬೇಕು.

ವಿಷ ಸೇರಿದ ಒಂದರಿಂದ ನಾಲ್ಕು ದಿನಗಳ ನಡುವೆ ಇನ್ನೊಂದು ಅಪಾಯ ಬರುತ್ತದೆ. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಲ್ಲಿಯದ್ದೆ 1987ರಲ್ಲಿ ಇದಕ್ಕೆ ಮಧ್ಯಂತರ ಸಿಂಡ್ರೋಮ್ ಎಂದು ಹೆಸರಿಟ್ಟರು. ಚೇತರಿಸಿಕೊಂಡಂತೆ ಕಂಡ ರೋಗಿಯ ಕುತ್ತಿಗೆ, ತೋಳು, ಉಸಿರಾಟದ ಸ್ನಾಯುಗಳು ಸೋತುಹೋಗುತ್ತವೆ. ದಿಂಬಿನಿಂದ ತಲೆ ಎತ್ತಲು ಹೇಳಿ ನೋಡುವುದು ಇದರ ಸರಳ ಪರೀಕ್ಷೆ. ಯಾವ ಯಂತ್ರವೂ ಬೇಡ, ದಿನಕ್ಕೆ ಹಲವು ಸಲ ನೋಡುವ ನರ್ಸ್ ಬೇಕು. ಬಡಿತದ ವಿಶ್ಲೇಷಣೆ ಈ ಪರೀಕ್ಷೆಯ ಜಾಗಕ್ಕೆ ಬರಲಾರದು.

ನಂಜು ಮತ್ತು ಮುನ್ಸೂಚನೆ

ದೀರ್ಘಾವಧಿಯ ವಿಶ್ಲೇಷಣೆ ಅತಿ ಹೆಚ್ಚು ಭರವಸೆ ಹುಟ್ಟಿಸಿರುವುದು ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕು ಮೈಗೇರಿ ಅಂಗಗಳು ಸೋಲುವ ಸ್ಥಿತಿಯಲ್ಲಿ. ಕೆನಡಾದ ಒಟ್ಟಾವದಲ್ಲಿ ಆ್ಯಂಡ್ರೂ ಸೀಲಿ ಅವರ ತಂಡ ಮೂಳೆಮಜ್ಜೆ ಕಸಿಗೆ ಬಂದ 17 ರೋಗಿಗಳ ಬಡಿತವನ್ನು ದಿನಗಟ್ಟಲೆ ದಾಖಲಿಸಿತು. ಅವರಲ್ಲಿ 14 ಮಂದಿಗೆ ಸೆಪ್ಸಿಸ್ ಬಂತು. ವೈದ್ಯರು ಅದನ್ನು ಗುರುತಿಸುವ ಮೊದಲೇ, ಸರಾಸರಿ 35 ಗಂಟೆ ಮುಂಚೆ, ಏರಿಳಿತ ಇಳಿದಿತ್ತು. 2009ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೆ ಪ್ರತಿ ರೋಗಿಯನ್ನೂ ಅವನ ಹಿಂದಿನ ದಿನಗಳಿಗೇ ಹೋಲಿಸಿದ್ದು ಅದರ ಹೆಚ್ಚುಗಾರಿಕೆ.

ನವಜಾತ ಶಿಶುಗಳಲ್ಲಿ ಪುರಾವೆ ಇನ್ನೂ ಗಟ್ಟಿ. ವರ್ಜೀನಿಯಾದ ಪಮೇಲಾ ಗ್ರಿಫಿನ್ ಮತ್ತು ರ್‍ಯಾಂಡಲ್ ಮೂರ್‌ಮನ್, ಸೆಪ್ಸಿಸ್ ಬರಲಿರುವ ಅವಧಿಪೂರ್ವ ಶಿಶುಗಳಲ್ಲಿ ಬಡಿತದ ಏರಿಳಿತ ಕುಗ್ಗಿ ನಡುನಡುವೆ ಬಡಿತ ಹಠಾತ್ತನೆ ಇಳಿದೇಳುವುದನ್ನು 2001ರ ಹೊತ್ತಿಗೆ ಗುರುತಿಸಿದ್ದರು. ಆ ಮಾದರಿಯನ್ನು ಒಂದು ಅಂಕವಾಗಿ ಮಾಡಿ ಹಾಸಿಗೆಯ ಪಕ್ಕದ ಪರದೆಯಲ್ಲಿ ತೋರಿಸುವ ಪ್ರಯೋಗ ಒಂಬತ್ತು ಘಟಕಗಳಲ್ಲಿ, ತೀರ ಕಡಿಮೆ ತೂಕದ 3,003 ಶಿಶುಗಳ ಮೇಲೆ ನಡೆಯಿತು. ಅಂಕವನ್ನು ವೈದ್ಯರಿಗೆ ತೋರಿಸಿದ ಗುಂಪಿನಲ್ಲಿ ಸಾವು ಶೇ 8.1, ತೋರಿಸದ ಗುಂಪಿನಲ್ಲಿ ಶೇ 10.2. 2011ರ ಈ ಫಲಿತಾಂಶ ಎಚ್‌ಆರ್‌ವಿಯ ಇತಿಹಾಸದಲ್ಲಿ ವಿಶೇಷವಾದುದು. ಉಳಿದ ಬಹುಪಾಲು ಅಧ್ಯಯನಗಳು ಯಾರು ಸಾಯಬಹುದು ಎಂದು ಹೇಳಿ ನಿಂತುಬಿಡುತ್ತವೆ. ಅಳೆಯುವುದರಿಂದಲೇ ಜೀವ ಉಳಿಯುತ್ತದೆಯೇ ಎಂದು ಪರೀಕ್ಷಿಸಿದವು ಬೆರಳೆಣಿಕೆಯವು. ವಯಸ್ಕ ರೋಗಿಗಳಲ್ಲಿ ಅಂಥ ಗಟ್ಟಿ ಪುರಾವೆ ಬರುವವರೆಗೆ ಎಚ್‌ಆರ್‌ವಿಯನ್ನು ನೋಡಿ ಆ್ಯಂಟಿಬಯೋಟಿಕ್ ಶುರು ಮಾಡುವುದೋ ನಿಲ್ಲಿಸುವುದೋ ಸರಿಯಲ್ಲ. ರೋಗಿಯನ್ನು ಮತ್ತೊಮ್ಮೆ ಮುಟ್ಟಿ ನೋಡಲು ಅದು ಕಾರಣವಾಗಬೇಕು.

ಓದುವಾಗ ಎಚ್ಚರ

24 ಗಂಟೆಯಲ್ಲಿ ಹೃದಯ ಒಂದು ಲಕ್ಷಕ್ಕೂ ಹೆಚ್ಚು ಸಲ ಬಡಿಯುತ್ತದೆ. ಅವುಗಳಲ್ಲಿ ಅಕಾಲದ ಬಡಿತಗಳೂ, ರೋಗಿಯನ್ನು ಮಗ್ಗುಲು ಹೊರಳಿಸಿದಾಗ ಕಿತ್ತುಬಂದ ಎಲೆಕ್ಟ್ರೋಡಿನ ಗೀಚುಗಳೂ ಇರುತ್ತವೆ. ಇವನ್ನು ತೆಗೆಯದೆ ಲೆಕ್ಕ ಹಾಕಿದರೆ ಸಾಯುತ್ತಿರುವ ಹೃದಯವೂ ಬಹಳ ಏರಿಳಿತವುಳ್ಳದ್ದಾಗಿ ಕಾಣುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ, ಪೇಸ್‌ಮೇಕರ್ ಮೇಲಿರುವವರಲ್ಲಿ ಈ ಅಳತೆಗಳಿಗೆ ಅರ್ಥವಿಲ್ಲ. ವೆಂಟಿಲೇಟರ್ ನಿಮಿಷಕ್ಕೆ 15 ಉಸಿರು ಕೊಡುತ್ತಿದ್ದರೆ ಸರಿಯಾಗಿ 0.25 ಹರ್ಟ್ಸ್‌ನಲ್ಲಿ ಒಂದು ಶಿಖರ ಏಳುತ್ತದೆ. ಅದರ ವೇಗವನ್ನು ನಿಗದಿ ಮಾಡಿದ್ದು ಯಂತ್ರ. ಪ್ರೊಪೊಫಾಲ್, ಮಿಡಾಜೋಲಾಮ್, ಡೆಕ್ಸ್‌ಮೆಡಿಟೊಮಿಡಿನ್, ನಾರ್‌ಅಡ್ರಿನಲಿನ್, ಬೀಟಾ ಬ್ಲಾಕರ್‌ಗಳು ಒಂದೊಂದೂ ತಮ್ಮದೇ ರೀತಿಯಲ್ಲಿ ಚಿತ್ರ ಬದಲಿಸುತ್ತವೆ. ವಯಸ್ಸು, ಸಕ್ಕರೆ ಕಾಯಿಲೆ ಮೊದಲೇ ಏರಿಳಿತ ಕುಗ್ಗಿಸಿರುತ್ತವೆ.

ಇದಕ್ಕೆ ನಮ್ಮ ನೆಲದ್ದೇ ಒಂದು ಮುಖ್ಯ ಸೇರ್ಪಡೆ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಮಾರಿಯೊ ವಾಜ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಯಾವ ಕಾಯಿಲೆಯೂ ಇಲ್ಲದೆ ದೀರ್ಘಕಾಲದಿಂದ ಅರೆಹೊಟ್ಟೆಯಲ್ಲಿರುವವರಲ್ಲಿ ಬಡಿತದ ಏರಿಳಿತವೂ ಬ್ಯಾರೋರಿಫ್ಲೆಕ್ಸಿನ ಚುರುಕೂ ಕಡಿಮೆ ಇರುವುದು ಕಂಡುಬಂತು. ಕೂಲಿಗೆ ಹೋಗುವ ಬಡಕಲು ದೇಹದ ವ್ಯಕ್ತಿ ಆಸ್ಪತ್ರೆಗೆ ಬರುವ ಮೊದಲೇ ಅವನ ಸಂಖ್ಯೆ ಪಾಶ್ಚಾತ್ಯ ಪಟ್ಟಿಯ ಗೆರೆಗಿಂತ ಕೆಳಗಿರಬಹುದು. 50 ಮಿಲಿಸೆಕೆಂಡಿನ ಗೆರೆಯನ್ನು ಹಾಗೆಯೇ ತಂದು ಅವನ ಮೇಲೆ ಎಳೆಯುವುದು ಅನ್ಯಾಯ. ಅವನನ್ನು ಅವನ ನಿನ್ನೆಗೇ ಹೋಲಿಸಬೇಕು, ಹಾಗೆ ಹೋಲಿಸಲು ನಿನ್ನೆಯ ದಾಖಲೆ ಇರಬೇಕು.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಲ್ಲಿ ಸ್ವಾಯತ್ತ ನರಮಂಡಲವನ್ನು ಪರೀಕ್ಷಿಸುವ ಪ್ರಯೋಗಾಲಯವಿದೆ. ಎಚ್‌ಆರ್‌ವಿ ಅಲ್ಲಿನ ನಿತ್ಯದ ಅಳತೆ. ಅಂಥ ಆಸ್ಪತ್ರೆಗೆ ಬರುವ ಗಿಲಾನ್-ಬಾರೆ ಸಿಂಡ್ರೋಮ್ ರೋಗಿಗಳಲ್ಲಿ ಈ ಪರೀಕ್ಷೆಯ ಅಗತ್ಯ ಎದ್ದು ಕಾಣುತ್ತದೆ. ಕೈಕಾಲು ಸೋತು ವೆಂಟಿಲೇಟರ್ ಮೇಲಿರುವ ಇವರಲ್ಲಿ ಹಲವರಿಗೆ ಹೃದಯವನ್ನು ಆಳುವ ನರಗಳೂ ಪೆಟ್ಟು ತಿಂದಿರುತ್ತವೆ. ಗಂಟಲ ಕೊಳವೆಯಿಂದ ಕಫ ಎಳೆಯುವಷ್ಟರಲ್ಲಿ ಬಡಿತ ಕುಸಿಯಬಹುದು, ನಿಂತೂ ಹೋಗಬಹುದು.

ಹೃದಯಾಘಾತದ ವಿಷಯದಲ್ಲಿ ರಾಜ್ಯ ಹಳ್ಳಿಯನ್ನು ನಗರಕ್ಕೆ ಜೋಡಿಸುವ ಕೆಲಸ ಆರಂಭಿಸಿದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಕ್ಕೆ ತಲುಪುತ್ತದೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಸಿಗುತ್ತದೆ. ಮಂಗಳೂರಿನ ಪದ್ಮನಾಭ ಕಾಮತರು 2018ರಿಂದ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಟ್ಟು ವಾಟ್ಸ್‌ಆ್ಯಪ್‌ನಲ್ಲಿ ಓದಿ ಹೇಳುವ ಜಾಲ ಕಟ್ಟಿದ್ದಾರೆ. ಇವೆರಡೂ ಜೀವ ಉಳಿಸುವ ಕೆಲಸಗಳು. ಆದರೆ ಅವು ಸಾಗಿಸುವುದು ಹತ್ತು ಸೆಕೆಂಡಿನ ಇಸಿಜಿಯನ್ನು. ತೀವ್ರ ನಿಗಾದ ಪ್ರಶ್ನೆಗೆ ದಿನಗಳ ಇಸಿಜಿ ಬೇಕು.

ಚಾಮರಾಜನಗರದಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. 2021ರ ಮೇ ಮೊದಲ ವಾರದಲ್ಲಿ ಅದೇ ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಉಂಟಾದಾಗ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ತೀರಿಕೊಂಡ ಸುದ್ದಿಯನ್ನು ಈ ಜಿಲ್ಲೆಯವರು ಮರೆಯಲಾರರು. ಆಮ್ಲಜನಕ, ಹೀರುವ ಕೊಳವೆ, ರಾತ್ರಿ ಪಾಳಿಯಲ್ಲಿ ಸಾಕಷ್ಟು ನರ್ಸ್‌ಗಳು ಇವುಗಳ ನಂತರದ ಸ್ಥಾನ ಎಚ್‌ಆರ್‌ವಿಯದು. ಮುಂದೆ ಹೇಳುವ ಸಾಧ್ಯತೆಯನ್ನು ಈ ಕ್ರಮದಲ್ಲಿಟ್ಟೇ ನೋಡಬೇಕು.

ಸಾಧ್ಯತೆ ಇಷ್ಟು. 1996ರ ಕಾರ್ಯಪಡೆಯ ಸೂಚನೆಯಂತೆ ಇಸಿಜಿಯನ್ನು ಸೆಕೆಂಡಿಗೆ 250 ಸಲ ಅಳೆದರೆ ದಿನಕ್ಕೆ 2.16 ಕೋಟಿ ಬಿಂದುಗಳಾಗುತ್ತವೆ, ಇಂದಿನ ಪೆನ್‌ಡ್ರೈವಿಗೆ ಅದೇನೂ ಭಾರವಲ್ಲ. ಬರೀ ಬಿಡುವುಗಳ ಸಾಲನ್ನಿಟ್ಟುಕೊಂಡರೆ ಒಂದು ದಿನದ ದಾಖಲೆ ಒಂದು ಫೋಟೊಗಿಂತ ಚಿಕ್ಕದು. ಅದೂ ಆಗದಿದ್ದರೆ ಮಾನಿಟರ್ ತೋರಿಸುವ ಬಡಿತದ ಸಂಖ್ಯೆಯನ್ನೇ ಕೆಲವು ಸೆಕೆಂಡಿಗೊಮ್ಮೆ ಉಳಿಸಿಕೊಳ್ಳಬಹುದು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಅಪಘಾತ ಘಟಕದವರು 2004ರಲ್ಲಿ ಪ್ರಕಟಿಸಿದ್ದು ಇಂಥದ್ದನ್ನೇ: ಐದೈದು ನಿಮಿಷದ ಬಡಿತದ ಸಂಖ್ಯೆಗಳ ವಿಚಲನೆ ಕುಗ್ಗಿದ ರೋಗಿಗಳಲ್ಲಿ ಸಾವು ಹೆಚ್ಚಿತ್ತು, ಆ ಸುಳಿವು ದಾಖಲಾದ ಮೊದಲ ದಿನದಲ್ಲೇ ಸಿಗುತ್ತಿತ್ತು. ನಿಮಿಷಕ್ಕೆ 75ರಿಂದ 76ಕ್ಕೆ ಏರುವುದೆಂದರೆ ಬಿಡುವಿನಲ್ಲಿ ಸುಮಾರು ಹತ್ತು ಮಿಲಿಸೆಕೆಂಡಿನ ವ್ಯತ್ಯಾಸ, ಆದ್ದರಿಂದ ವೇಗಸ್‌ನ ಸೂಕ್ಷ್ಮ ಅಲೆಗಳು ಇದರಲ್ಲಿ ಸಿಗವು; ನಿಧಾನದ ಅಲೆಗಳು ಸಿಗುತ್ತವೆ. ತೀವ್ರ ನಿಗಾದಲ್ಲಿ ಹೆಚ್ಚು ಹೇಳುವುದು ಅವೇ.

ಇದಕ್ಕೆ ಬೇಕಾಗುವುದು ಕೊಳ್ಳೇಗಾಲದ ಮಾನಿಟರಿನ ಗಡಿಯಾರವೂ ಆಂಬುಲೆನ್ಸಿನದೂ ಮೈಸೂರಿನದೂ ಒಂದೇ ಸಮಯ ತೋರಿಸುವುದು, ಅಟ್ರೋಪಿನ್ ಕೊಟ್ಟ ನಿಮಿಷವನ್ನು ಚಾರ್ಟಿನಲ್ಲಿ ಬರೆಯುವುದು, ರೋಗಿಯನ್ನು ಕಳಿಸುವಾಗ ಚೀಟಿಯ ಜೊತೆ ದಾಖಲೆಯ ಕಡತವನ್ನೂ ಕಳಿಸುವುದು.